ಮಗುವಿನ ದಿನಕ್ಕೆ ಮನೆಯವರೆಲ್ಲ: ಶಾಲೆಯ ಕಾರ್ಯಕ್ರಮ, ಹುಟ್ಟುಹಬ್ಬಕ್ಕೆ ದಾವಣಗೆರೆಯ ಒಂದು ಮನೆಯ ತಯಾರಿ

ಮಗಳು ಎಲ್‌ಕೆಜಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳದೊಂದು ಗುಂಪು ನೃತ್ಯವಿತ್ತು. ಪರದೆ ಸರಿಯಿತು, ಹಾಡು ಶುರುವಾಯಿತು, ಎಲ್ಲ ಮಕ್ಕಳೂ ಕೈ ಎತ್ತಿದರು. ಇವಳು ಮಾತ್ರ ಎತ್ತಲಿಲ್ಲ. ಸಾಲು ಸಾಲು ಕುರ್ಚಿಗಳ ಮೇಲೆ ಅವಳ ಕಣ್ಣು ಓಡಾಡುತ್ತಿತ್ತು. ನಾನು ಎರಡನೇ ಸಾಲಿನಲ್ಲೇ ಇದ್ದೆ. ಆದರೆ ನನ್ನ ಮುಖಕ್ಕೆ ಮೊಬೈಲ್ ಅಡ್ಡವಿತ್ತು, ಅವಳಿಗೆ ನಾನು ಕಾಣಲಿಲ್ಲ. ಐದನೇ ಸಾಲಿನಲ್ಲಿದ್ದ ನಮ್ಮ ಅತ್ತೆ ಎದ್ದು ನಿಂತು ಕೈ ಬೀಸಿದರು. ಮಗಳು ಅವರನ್ನು ನೋಡಿದಳು, ನಕ್ಕಳು, ಹಾಡಿನ ಎರಡನೇ ಸಾಲಿನಿಂದ ಕುಣಿತ ಹಿಡಿದಳು. ಆ ವಿಡಿಯೋದಲ್ಲಿ ಮೊದಲ ಅರ್ಧ ನಿಮಿಷ ಅವಳು ನನ್ನನ್ನು ಹುಡುಕುವುದು ಸ್ಪಷ್ಟವಾಗಿ ದಾಖಲಾಗಿದೆ. ಅದನ್ನು ನೋಡಿದಾಗಲೆಲ್ಲ ಈಗಲೂ ಎದೆ ಹಿಂಡುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಶಾಲೆಯ ಕಾರ್ಯಕ್ರಮಕ್ಕೂ ಹುಟ್ಟುಹಬ್ಬಕ್ಕೂ ತಯಾರಿ ಮಾಡುವ ರೀತಿ ಬದಲಾಯಿತು. ಎಷ್ಟು ಖರ್ಚು ಮಾಡಬೇಕು ಎಂಬ ಪ್ರಶ್ನೆ ಹಿಂದೆ ಸರಿದು, ಯಾರು ಏನು ಮಾಡಬೇಕು ಎಂಬ ಪ್ರಶ್ನೆ ಮುಂದೆ ಬಂದಿತು. ಮನೆಯ ಪ್ರತಿಯೊಬ್ಬರಿಗೂ ಒಂದು ಕೆಲಸ, ಮಗುವಿನ ಕೈಗೂ ಒಂದು ಕೆಲಸ. ಮೂರು ವರ್ಷಗಳಿಂದ ಹೀಗೆ ಮಾಡಿಕೊಂಡು ಬಂದಿದ್ದೇವೆ. ಮಗಳಿಗೆ ಈಗ ಆರು ವರ್ಷ, ಮಗನಿಗೆ ಎರಡೂವರೆ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಉಪಯೋಗಕ್ಕೆ ಬರಬಹುದು ಎಂದು ಕ್ರಮವಾಗಿ ಬರೆಯುತ್ತಿದ್ದೇನೆ.

ಜೂನ್‌ನಲ್ಲೇ ಕ್ಯಾಲೆಂಡರ್ ಹಿಡಿದು ಕೂರಿ

ಶಾಲೆ ಶುರುವಾದ ಮೊದಲ ಹದಿನೈದು ದಿನದಲ್ಲಿ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕೂರಬೇಕು. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಆಗಸ್ಟ್ 15, ನವೆಂಬರ್ 1ರ ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನಾಚರಣೆ, ಜನವರಿ 26 ಇವು ಗೊತ್ತಿರುವ ದಿನಗಳು. ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವದ ದಿನಾಂಕ ಸಾಮಾನ್ಯವಾಗಿ ನಂತರ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಎಂದು ಅಂದಾಜಿಟ್ಟುಕೊಳ್ಳಿ, ತರಗತಿಯ ಶಿಕ್ಷಕಿಯನ್ನು ಒಮ್ಮೆ ಕೇಳಿ. ಮಗುವಿನ ಹುಟ್ಟುಹಬ್ಬದ ದಿನಕ್ಕೆ ಮಗುವಿನಿಂದಲೇ ಕೆಂಪು ಬಣ್ಣದ ಸುತ್ತು ಹಾಕಿಸಿ.

ಎಲ್ಲ ಕಾರ್ಯಕ್ರಮಕ್ಕೂ ಅಪ್ಪ ಅಮ್ಮ ಇಬ್ಬರೂ ಹೋಗುವುದು ದುಡಿಯುವ ಮನೆಗಳಲ್ಲಿ ಆಗದ ಮಾತು. ನನ್ನ ಗಂಡ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ದೀಪಾವಳಿಯ ಮುಂಚಿನ ಎರಡು ವಾರ, ಮದುವೆಗಳ ಕಾಲ, ಇವುಗಳಲ್ಲಿ ರಜೆ ಕೇಳುವಂತೆಯೇ ಇಲ್ಲ. ಅದಕ್ಕೆ ಮಗಳನ್ನೇ ಕೇಳಿದೆವು: ‘ಅಪ್ಪ ಯಾವುದಕ್ಕೆ ಬರಲೇಬೇಕು?’ ಅವಳು ವಾರ್ಷಿಕೋತ್ಸವ ಎನ್ನುತ್ತಾಳೆಂದು ನಾವು ತಿಳಿದಿದ್ದೆವು. ‘ಓಟಕ್ಕೆ’ ಎಂದಳು. ಅಪ್ಪ ಕ್ರೀಡಾಕೂಟಕ್ಕೆ ಎಂದು ಅಂದೇ ಬರೆದಿಟ್ಟೆವು, ಅವರೂ ಅಂಗಡಿಯಲ್ಲಿ ಅಂದೇ ಹೇಳಿಟ್ಟರು. ಕೇಳದೆ ಇದ್ದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ. ಬರಲಾಗದ ಕಾರ್ಯಕ್ರಮವಿದ್ದರೆ ಹಿಂದಿನ ರಾತ್ರಿಯೇ ಮಗುವಿಗೆ ನೇರವಾಗಿ ಹೇಳಿ, ಯಾರು ಬರುತ್ತಾರೆ ಎನ್ನುವುದನ್ನೂ ಹೇಳಿ. ‘ನೋಡೋಣ’ ಎಂಬ ಮಾತು ಬೇಡ. ಮಕ್ಕಳು ಅದನ್ನು ‘ಬರುತ್ತೇನೆ’ ಎಂದೇ ಕೇಳಿಸಿಕೊಳ್ಳುತ್ತಾರೆ.

ಛದ್ಮವೇಷ: ಓಬವ್ವನ ಒನಕೆ ರಟ್ಟಿನ ಕೊಳವೆಯಿಂದ

ನಮ್ಮ ಸೀಮೆಯ ಶಾಲೆಗಳಲ್ಲಿ ರಾಜ್ಯೋತ್ಸವಕ್ಕೆ ಛದ್ಮವೇಷ ಎಂದರೆ ಕನಿಷ್ಠ ಮೂವರು ಒನಕೆ ಓಬವ್ವಂದಿರು ಇರುತ್ತಾರೆ. ಇರಲಿ. ನಮ್ಮದೇ ನೆಲದ ಹೆಣ್ಣುಮಗಳು ಅವಳು, ಎಷ್ಟು ಮಂದಿ ಆದರೂ ಹೆಚ್ಚಲ್ಲ. ನವೆಂಬರ್ 11ನ್ನು ಸರ್ಕಾರವೂ ಓಬವ್ವ ಜಯಂತಿಯಾಗಿ ಆಚರಿಸುತ್ತದೆ. ಆದರೆ ಬಾಡಿಗೆ ವೇಷ ಹಾಕಿಸಿ, ಅರ್ಥವಾಗದ ಉದ್ದುದ್ದ ಮಾತನ್ನು ಉರುಹೊಡೆಸಿ ನಿಲ್ಲಿಸಿದರೆ ಮಗು ನಡುವೆ ಮರೆತು ಅಳುತ್ತದೆ. ನಾವು ಮಾಡಿದ್ದು ಹೀಗೆ.

ಮೊದಲು ಕಥೆ, ಆಮೇಲೆ ಬಟ್ಟೆ. ಅಕ್ಟೋಬರ್ ರಜೆಯಲ್ಲಿ ಒಂದು ದಿನ ಬೆಳಿಗ್ಗೆ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋದೆವು. ಸುಮಾರು 60 ಕಿಲೋಮೀಟರ್ ದಾರಿ. ಬಿಸಿಲು ಏರುವ ಮೊದಲೇ ಕೋಟೆಯೊಳಗೆ ಇರಬೇಕು. ಬಂಡೆ ಕಾದ ಮೇಲೆ ಚಿಕ್ಕ ಮಕ್ಕಳಿಗೆ ಹತ್ತುವುದು ಕಷ್ಟ, ನೀರಿನ ಬಾಟಲಿ ಎರಡಾದರೂ ಇರಲಿ. ಏಳು ಸುತ್ತನ್ನೂ ತೋರಿಸುವ ಹಟ ಬೇಡ. ತಣ್ಣೀರು ದೋಣಿ ಮತ್ತು ಓಬವ್ವನ ಕಿಂಡಿ, ಆರು ವರ್ಷದ ಕಾಲಿಗೆ ಇಷ್ಟೇ ಸಾಕು. ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಬಂದ ಓಬವ್ವ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಹಿಡಿದು ನಿಂತ ಕಥೆಯನ್ನು ಅತ್ತೆ ಅಲ್ಲೇ ಹೇಳಿದರು. ಮಗಳು ಕಿಂಡಿಯ ಬಳಿ ಹೋಗಿ ಎರಡೂ ಕೈಯಿಂದ ಬಂಡೆ ಮುಟ್ಟಿ, ‘ಇಷ್ಟೇ ಸಣ್ಣದಾ? ಹಾಗಾದರೆ ಒಬ್ಬೊಬ್ಬರೇ ಬರಬೇಕು’ ಎಂದಳು. ಓಬವ್ವ ಒಬ್ಬಳೇ ಅಷ್ಟು ಜನರನ್ನು ಹೇಗೆ ತಡೆದಳು ಎನ್ನುವುದು ಅವಳಿಗೆ ಅಲ್ಲಿ ಕೈಯಿಂದ ತಿಳಿಯಿತು. ಮೂರು ದಿನ ಕಂಠಪಾಠ ಮಾಡಿಸಿದ್ದರೂ ಅದು ಬರುತ್ತಿರಲಿಲ್ಲ.

ಒನಕೆಗೆ ಬಟ್ಟೆ ಅಂಗಡಿಯ ರಟ್ಟಿನ ಕೊಳವೆ ಬೇಕು. ಥಾನು ಬಟ್ಟೆಯನ್ನು ಸುತ್ತಿಟ್ಟಿರುತ್ತಾರಲ್ಲ, ಅದೇ. ಬಟ್ಟೆ ಮುಗಿದ ಮೇಲೆ ಅಂಗಡಿಯವರು ಅದನ್ನು ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ. ಮಗುವಿನ ಎದೆಯ ಎತ್ತರಕ್ಕೆ ಕತ್ತರಿಸಿ, ನೋಟ್‌ಬುಕ್ಕಿಗೆ ಹಾಕುವ ಕಂದು ಹಾಳೆಯನ್ನು ಮೈದಾಗಂಜಿಯಿಂದ ಅಂಟಿಸಿ. ಒಣಗಿದ ಮೇಲೆ ಒಂದು ತುದಿಗೆ ನಾಲ್ಕು ಬೆರಳಗಲ ಬೂದು ಬಣ್ಣ ಬಳಿದರೆ ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಯಂತೆ, ಅಣಸಿನಂತೆ ಕಾಣುತ್ತದೆ. ಹಾಳೆ ಅಂಟಿಸುವುದು, ಬಣ್ಣ ಬಳಿಯುವುದು ಮಗುವಿನ ಕೆಲಸ. ಸೊಟ್ಟಗಾದರೆ ಆಗಲಿ, ದಯವಿಟ್ಟು ಸರಿಪಡಿಸಬೇಡಿ. ನಿಜವಾದ ಮರದ ಒನಕೆಯನ್ನು ಚಿಕ್ಕದಾಗಿ ಮಾಡಿಸಿ ಕೊಡುವವರಿದ್ದಾರೆ. ಸಾಲಿನಲ್ಲಿ ಪಕ್ಕದಲ್ಲಿ ನಿಂತ ಮಗುವಿನ ಕಾಲ ಮೇಲೆ ಅದು ಬಿದ್ದರೆ ಗತಿಯೇನು?

ಸೀರೆಯ ಬಗ್ಗೆ. ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸುವ ಆಸೆಯಾಗುತ್ತದೆ, ಕತ್ತರಿಸಬೇಡಿ. ಮೂರು ಮೀಟರ್ ಹತ್ತಿ ಬಟ್ಟೆ ಸಾಕು. ಒಳಗೆ ಬಿಗಿಯಾದ ಲೆಗ್ಗಿಂಗ್ಸ್, ಅದರ ಮೇಲೆ ಕಚ್ಚೆ, ಸೊಂಟಕ್ಕೆ ಎಲಾಸ್ಟಿಕ್. ಪಿನ್ನುಗಳು ಬೇಡ, ನಾಲ್ಕು ಕಡೆ ಕೈಹೊಲಿಗೆ ಹಾಕಿ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಒಂದಿದೆ: ಈ ವೇಷದಲ್ಲಿ ಮಗು ಶೌಚಾಲಯಕ್ಕೆ ಹೋಗಿ ಬರಲು ಸಾಧ್ಯವೇ? ಮನೆಯಲ್ಲೇ ಒಮ್ಮೆ ಹೋಗಿ ಬರಿಸಿ. ವೇಷ ತೊಟ್ಟು ಎರಡು ಸಲ ಮನೆಯವರ ಮುಂದೆ ಮಾತನಾಡಿಸಿ.

ಮಾತು ನಾಲ್ಕೈದು ಪುಟ್ಟ ವಾಕ್ಯ ಮೀರಬಾರದು, ಮಗುವೇ ಕಟ್ಟಿದರೆ ಇನ್ನೂ ಒಳ್ಳೆಯದು. ನಮ್ಮವಳದು ಹೀಗಿತ್ತು: ‘ನಾನು ಓಬವ್ವ. ನೀರು ತರಲು ಬಂದೆ. ಕಿಂಡಿಯಲ್ಲಿ ವೈರಿ ಕಂಡ. ನನ್ನ ಕೈಯಲ್ಲಿ ಒನಕೆ ಇದೆ. ಬಾ ನೋಡೋಣ!’ ಕೊನೆಯ ಮಾತನ್ನು ಅವಳೇ ಸೇರಿಸಿದ್ದು. ಬಹುಮಾನ ಬರಲಿಲ್ಲ. ಒನಕೆ ಈಗಲೂ ಅವಳ ಮಂಚದ ಕೆಳಗಿದೆ.

ಓಬವ್ವ ಬೇಡ ಎನ್ನುವವರಿಗೆ ದಾವಣಗೆರೆಯ ಹೊಲಗಳಲ್ಲೇ ಇನ್ನೊಂದು ವೇಷವಿದೆ: ಮೆಕ್ಕೆಜೋಳದ ತೆನೆ. ಹಳದಿ ಅಂಗಿ, ಮೇಲೆ ಹಸಿರು ಹಾಳೆಯ ಉದ್ದನೆಯ ಸಿಪ್ಪೆಗಳು, ತಲೆಗೆ ಉಣ್ಣೆ ದಾರದ ಕಂದು ಕೂದಲು. ನಾಚಿಕೆಯ ಮಕ್ಕಳಿಗೆ ಇದು ಹೇಳಿ ಮಾಡಿಸಿದ ವೇಷ. ಸಿಪ್ಪೆಯ ಹಿಂದೆ ಮುಖ ಅರ್ಧ ಮರೆಯಾಗುವುದರಿಂದ ಧೈರ್ಯ ಬರುತ್ತದೆ.

ಆಗಸ್ಟ್ 15ಕ್ಕೆ ಒಂದೇ ಮಾತು: ಬಟ್ಟೆ ಅಥವಾ ಕಾಗದದ ಬಾವುಟ ಕೊಡಿಸಿ. ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿದೆ. ಮನೆಗೆ ಬಂದ ಮೇಲೆ ಅದನ್ನು ಮಡಿಸಿ ಎತ್ತಿಡುವುದನ್ನೂ ಮಗುವಿಗೆ ಅಜ್ಜನೋ ಅಜ್ಜಿಯೋ ಕಲಿಸಲಿ.

ಕ್ರೀಡಾಕೂಟ

ಹೊಸ ಶೂ ಅಂದು ತೊಡಿಸಬೇಡಿ, ವಾರದ ಮುಂಚೆಯೇ ಹಾಕಿ ಓಡಾಡಿಸಿ. ನಿಂಬೆಹಣ್ಣು ಚಮಚದ ಓಟವಿದ್ದರೆ ಮನೆಯ ಅಂಗಳದಲ್ಲಿ ನಾಲ್ಕು ಸಂಜೆ ಎಲ್ಲರೂ ಆಡಿ, ಅಜ್ಜಿಯೂ ಸೇರಿ. ಟೋಪಿ, ನೀರು, ಒಂದು ಬಾಳೆಹಣ್ಣು ಜೊತೆಗಿರಲಿ. ಓಟದ ಕೊನೆಯಲ್ಲಿ, ಗೆರೆಯ ಆಚೆ ಬದಿಯಲ್ಲಿ ನಿಲ್ಲಿ. ಮಗು ನಿಮ್ಮ ಕಡೆಗೇ ಓಡಿ ಬರುತ್ತದೆ. ನಮ್ಮವಳು ಆರು ಜನರಲ್ಲಿ ಐದನೆಯವಳಾಗಿ ಬಂದು ಅಪ್ಪನ ಹೊಟ್ಟೆಗೆ ಡಿಕ್ಕಿ ಹೊಡೆದು ನಿಂತಳು. ‘ಎಷ್ಟನೆಯವಳು?’ ಎಂದು ಅವಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಾರ್ಷಿಕೋತ್ಸವದ ಸಂಜೆ

ಇದು ಉದ್ದನೆಯ ಸಂಜೆ. ಮಕ್ಕಳನ್ನು ನಾಲ್ಕಕ್ಕೇ ಕರೆಯುತ್ತಾರೆ, ಅವರ ಸರದಿ ಬರುವಾಗ ಎಂಟೂ ಆಗಬಹುದು. ಜನವರಿಯ ಸಂಜೆ ಬಯಲಿನಲ್ಲಿ ಚಳಿ ಇರುತ್ತದೆ. ಹಾಗಾಗಿ ಈ ಕ್ರಮ.

ಹಿಂದಿನ ದಿನ: ಬಾಡಿಗೆ ಉಡುಪು ಕೈಗೆ ಬಂದ ಕೂಡಲೇ ಒಳಭಾಗವನ್ನು ತಿರುಗಿಸಿ ನೋಡಿ. ಜರಿ ಚುಚ್ಚುವ ಕಡೆ ಒಳಗೊಂದು ಹತ್ತಿಯ ಬನಿಯನ್ ಹಾಕಿಸಿ. ಮುಖಕ್ಕೆ ಬಳಿಯುವ ಬಣ್ಣ ನೀವೇ ತರುವುದಾದರೆ ಮೊಣಕೈಯ ಒಳಮಗ್ಗುಲಿಗೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಿ. ಕೆಂಪಗಾದರೆ ಆ ಬಣ್ಣ ಬೇಡ. ಒಂದೇ ಲಿಪ್‌ಸ್ಟಿಕ್, ಒಂದೇ ಕಾಡಿಗೆ ಕಡ್ಡಿ ಮೂವತ್ತು ಮಕ್ಕಳ ಮುಖದ ಮೇಲೆ ಹೋಗುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮಗುವಿನದನ್ನು ಹೆಸರು ಬರೆದ ಪುಟ್ಟ ಚೀಲದಲ್ಲಿ ಕಳಿಸಿ, ಶಿಕ್ಷಕಿಗೆ ವಿನಯದಿಂದ ಹೇಳಿ. ಅವರಿಗೂ ಅಂದು ನೂರು ಕೆಲಸವಿರುತ್ತದೆ.

ಅಂದು ಮಧ್ಯಾಹ್ನ: ಒಂದು ಗಂಟೆ ಮಲಗಿಸಿ. ಹೊರಡುವ ಮುಂಚೆ ಹೊಟ್ಟೆ ತುಂಬ ಊಟ. ಜೊತೆಗೆ ಬೆಲ್ಲ ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ ಕೊಡಿ, ಅದು ಉಡುಪಿನ ಮೇಲೆ ಚೆಲ್ಲುವುದಿಲ್ಲ. ಸ್ವೆಟರ್ ಮತ್ತು ಕಾಲುಚೀಲ ಮರೆಯಬೇಡಿ.

ಅಲ್ಲಿ: ಎಲ್ಲಿ ಕೂರುತ್ತೀರಿ ಎಂದು ಮಗುವಿಗೆ ಮೊದಲೇ ಹೇಳಿ. ಸಾಧ್ಯವಾದರೆ ವೇದಿಕೆ ಹತ್ತಿಸುವ ಮುಂಚೆ ತೋರಿಸಿ: ‘ಆ ಕಂಬದ ಪಕ್ಕ, ಅಜ್ಜಿ ಹಸಿರು ಸೀರೆ.’ ಕತ್ತಲಲ್ಲಿ, ಕಣ್ಣಿಗೆ ಬೆಳಕು ಬಿದ್ದಾಗ, ಮಗುವಿಗೆ ಗುರುತು ಹಿಡಿಯಲು ಬಣ್ಣವೊಂದು ಬೇಕು. ನಮ್ಮ ಅತ್ತೆ ಈಗ ಪ್ರತಿವರ್ಷ ಅದೇ ಗಿಳಿಹಸಿರು ಸೀರೆ ಉಟ್ಟು ಬರುತ್ತಾರೆ. ಮನೆಯವರಲ್ಲಿ ಒಬ್ಬರು ಮಾತ್ರ ವಿಡಿಯೋ ಮಾಡಲಿ, ಅದನ್ನೂ ಎದೆಯ ಮಟ್ಟದಲ್ಲಿ ಹಿಡಿದು ಮಾಡಲಿ. ಉಳಿದವರ ಮುಖ ಬರಿದಾಗಿರಲಿ. ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಅವರನ್ನು ನೋಡಿಕೊಳ್ಳುವ ಹೊಣೆ ಒಬ್ಬರಿಗೆ ಖಚಿತವಾಗಿರಲಿ. ಅಕ್ಕನ ಹಾಡು ಶುರುವಾಗುವ ಹೊತ್ತಿಗೇ ಅವರಿಗೆ ಪಾಪ್‌ಕಾರ್ನ್ ಬೇಕಾಗುತ್ತದೆ.

ಮುಗಿದ ಮೇಲೆ: ತಪ್ಪಿದ ಹೆಜ್ಜೆಯ ಮಾತು ಬೇಡ. ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿದರೂ ಸಾಲದು. ನೀವು ನೋಡಿದ ಒಂದು ವಿವರ ಹೇಳಿ: ‘ನೀನು ತಿರುಗಿ ಪಕ್ಕದವಳ ಕೈ ಹಿಡಿದೆಯಲ್ಲ, ಅದು ನನಗೆ ಬಹಳ ಇಷ್ಟವಾಯಿತು.’ ನೋಡಿದ್ದೀರಿ ಎಂದು ಮಗುವಿಗೆ ಆಗ ನಂಬಿಕೆ ಬರುತ್ತದೆ. ದಾರಿಯಲ್ಲಿ ಎಷ್ಟೇ ಹೊತ್ತಾಗಿರಲಿ, ಒಂದು ಬೆಣ್ಣೆ ದೋಸೆಗೆ ನಿಲ್ಲಿಸಿ. ಆ ಹೊತ್ತಿನ ದೋಸೆ, ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ, ಅರ್ಧ ಅಳಿಸಿದ ಬಣ್ಣದ ಮುಖದ ಮಗು, ಆ ಸಂಜೆಯಲ್ಲಿ ನನಗೆ ಇದೇ ಅತಿ ಪ್ರಿಯವಾದ ಭಾಗ.

ಹುಟ್ಟುಹಬ್ಬ, ಶಾಲೆಯಲ್ಲಿ

ಮೊದಲು ಶಾಲೆಯ ನಿಯಮ ಕೇಳಿ. ಕೆಲವು ಶಾಲೆಗಳು ಚಾಕೊಲೇಟನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ, ಕೆಲವು ತಿನ್ನುವುದನ್ನೇ ಒಪ್ಪುವುದಿಲ್ಲ. ಆಯ್ಕೆ ನಿಮ್ಮದಾದರೆ, ನನ್ನ ಸಲಹೆ ಸೀಬೆಹಣ್ಣು ಅಥವಾ ಎಲಚಿಹಣ್ಣಿನ ಕಾಲದಲ್ಲಿ ಹಣ್ಣು, ಇಲ್ಲದಿದ್ದರೆ ತಲಾ ಒಂದು ಪೆನ್ಸಿಲ್. ಎಲಚಿಯನ್ನು ಒಂದನೇ ತರಗತಿಗಿಂತ ಚಿಕ್ಕವರಿಗೆ ಕೊಡಬೇಡಿ, ಅದರ ಬೀಜ ಗಂಟಲಿಗೆ ಸಿಕ್ಕೀತು. ಚಿಕ್ಕಿ ಕೊಡುವ ಮುಂಚೆ ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಶಿಕ್ಷಕಿಯನ್ನು ವಿಚಾರಿಸಿ. ತರಗತಿಯ ಗ್ರಂಥಾಲಯಕ್ಕೆ ಒಂದು ಕನ್ನಡ ಚಿತ್ರಪುಸ್ತಕ ಕೊಟ್ಟು, ಒಳಪುಟದಲ್ಲಿ ಮಗುವಿನ ಕೈಯಿಂದಲೇ ಹೆಸರು ಬರೆಸಿದರೆ ಅದು ವರ್ಷವಿಡೀ ಓಡಾಡುತ್ತದೆ.

ಮಗು ಸರ್ಕಾರಿ ಶಾಲೆಯಲ್ಲಿದ್ದರೆ ನಿಮಗೆ ಇನ್ನೂ ಒಳ್ಳೆಯ ಅವಕಾಶವಿದೆ. ಮಧ್ಯಾಹ್ನದ ಬಿಸಿಯೂಟದ ಪಿಎಂ ಪೋಷಣ್ ಯೋಜನೆಯಲ್ಲಿ ‘ತಿಥಿ ಭೋಜನ’ ಎಂಬ ವ್ಯವಸ್ಥೆ ಇದೆ. ಹುಟ್ಟುಹಬ್ಬ, ಮದುವೆಯಂಥ ದಿನ ಊರಿನವರು ಮಕ್ಕಳ ಊಟಕ್ಕೆ ಸಿಹಿಯನ್ನೋ ಹಣ್ಣನ್ನೋ ಪೂರ್ತಿ ಊಟವನ್ನೋ ಸೇರಿಸಬಹುದು. ಮುಖ್ಯ ಶಿಕ್ಷಕರನ್ನು ಒಂದು ವಾರ ಮುಂಚೆ ಕಂಡು ಮಾತನಾಡಿ, ಅಡುಗೆಯವರನ್ನೂ ಕೇಳಿ. ಸಾಧ್ಯವಾದರೆ ಅಂದು ನೀವೂ ಹೋಗಿ ಬಡಿಸಿ. ನನ್ನ ನಾದಿನಿ ಜಗಳೂರು ಕಡೆಯ ತಮ್ಮ ಹಳ್ಳಿಯ ಶಾಲೆಯಲ್ಲಿ ಮಗನ ಹುಟ್ಟುಹಬ್ಬಕ್ಕೆ ಗೋಧಿ ಹುಗ್ಗಿ ಮಾಡಿಸಿದ್ದರು. ಸೌಟು ಹಿಡಿದು ತನ್ನ ಗೆಳೆಯರ ತಟ್ಟೆಗೆಲ್ಲ ಅವನೇ ಬಡಿಸಿದ. ಅಂದು ಅವನ ಮುಖದ ಗಾಂಭೀರ್ಯ ನೋಡಬೇಕಿತ್ತು.

ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳ ಸಂಕಟ ದೊಡ್ಡವರಿಗೆ ಕಾಣುವುದಿಲ್ಲ. ಎಲ್ಲರ ಹುಟ್ಟುಹಬ್ಬಕ್ಕೂ ತರಗತಿ ಹಾಡುತ್ತದೆ, ಇವರಿಗೆ ಮಾತ್ರ ಶಾಲೆಗೆ ರಜೆ. ಶಿಕ್ಷಕಿಯ ಜೊತೆ ಮಾತನಾಡಿ, ಆರು ತಿಂಗಳ ಆಚೆ ಅದೇ ತಾರೀಖಿನಂದು ಇವರಿಗೊಂದು ದಿನ ಕೊಡಿಸಿ. ನನ್ನ ಮಗ ಮೇ ತಿಂಗಳಿನವನು, ಅವನಿಗೆ ನವೆಂಬರ್ ಎಂದು ಈಗಲೇ ನಿರ್ಧರಿಸಿದ್ದೇವೆ.

ಹುಟ್ಟುಹಬ್ಬ, ಮನೆಯಲ್ಲಿ

ಯಾವ ದಿನ? ಅಜ್ಜಿ ಪಂಚಾಂಗ ನೋಡಿ ತಿಥಿ ಹೇಳುತ್ತಾರೆ, ಮಗು ಶಾಲೆಯ ತಾರೀಖು ಹೇಳುತ್ತದೆ. ಇವೆರಡರ ನಡುವೆ ಎರಡು ಮೂರು ವಾರ ಅಂತರವಿರುವ ವರ್ಷಗಳೂ ಉಂಟು. ಜಗಳ ಬೇಕಿಲ್ಲ, ಎರಡನ್ನೂ ಇಟ್ಟುಕೊಳ್ಳಿ. ತಿಥಿಯ ದಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಣ್ಣೆನೀರು, ಆರತಿ, ನಗರದೇವತೆ ದುರ್ಗಾಂಬಿಕೆಯ ಗುಡಿಗೆ ಹೋಗಿ ಬಂದು ಶಾವಿಗೆ ಪಾಯಸ. ಅದು ಪೂರ್ತಿ ಅಜ್ಜಿಯ ದಿನ. ಎಣ್ಣೆ ಒತ್ತುತ್ತ ಅವರು ಮಗಳು ಹುಟ್ಟಿದ ರಾತ್ರಿಯ ಕಥೆ ಹೇಳುತ್ತಾರೆ: ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದದ್ದು, ಹೊರಗೆ ಜೋರು ಗಾಳಿ ಇದ್ದದ್ದು, ಮೊದಲ ಸಲ ಕೈಗೆ ಕೊಟ್ಟಾಗ ಇವಳು ಆಕಳಿಸಿದ್ದು. ಪ್ರತಿವರ್ಷ ಅದೇ ಕಥೆ, ಪ್ರತಿವರ್ಷವೂ ಮಗಳು ಮೊದಲ ಸಲ ಕೇಳಿದಂತೆ ಕೇಳುತ್ತಾಳೆ. ‘ಆಕಳಿಸಿದ್ದು ಹೇಳು’ ಎಂದು ತಾನೇ ನೆನಪಿಸುತ್ತಾಳೆ. ನಿಮ್ಮ ಮನೆಯಲ್ಲೂ ಇಂಥದೊಂದು ಕಥೆ ಇದ್ದೇ ಇರುತ್ತದೆ. ಅದನ್ನು ಹೇಳುವವರು ಇರುವಾಗಲೇ ಹೇಳಿಸಿ.

ತಾರೀಖಿನ ದಿನ ಗೆಳೆಯರ ಸಂಜೆ. ಎಷ್ಟು ಮಕ್ಕಳು? ಮಗುವಿನ ವಯಸ್ಸಿಗೆ ಎರಡು ಸೇರಿಸಿದಷ್ಟು ಎನ್ನುವುದು ನಮ್ಮ ಲೆಕ್ಕ. ಆರು ವರ್ಷಕ್ಕೆ ಎಂಟು ಮಕ್ಕಳು. ಅಕ್ಕಪಕ್ಕದವರು ಸೇರಿ ಹನ್ನೆರಡಾಗುತ್ತಾರೆ. ನಾಲ್ಕೂವರೆಯಿಂದ ಆರೂವರೆ, ಎರಡೇ ಗಂಟೆ. ರಾತ್ರಿ ಎಂಟಕ್ಕೆ ಕೇಕ್ ಕತ್ತರಿಸುವ ಹೊತ್ತಿಗೆ ಮಕ್ಕಳು ನಿದ್ದೆಗಣ್ಣಿನಲ್ಲಿರುತ್ತಾರೆ, ಹುಟ್ಟುಹಬ್ಬದ ಮಗುವೇ ಅಳುತ್ತಿರುತ್ತದೆ. ಹಾಲ್ ಬಾಡಿಗೆ, ನೂರು ಜನರ ಊಟ, ವೇದಿಕೆಯ ಅಲಂಕಾರ ಇವೆಲ್ಲ ಮಾಡುವವರು ಮಾಡಲಿ. ಐದಾರು ವರ್ಷದವರೆಗೆ ಅದು ದೊಡ್ಡವರ ಸಮಾರಂಭವೇ ಆಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಿನ್ನಲು ಖಾರ ಮಂಡಕ್ಕಿ ಇರುವಾಗ ಬೇರೆ ಯೋಚನೆ ಏಕೆ? ಮಂಡಕ್ಕಿ ಭಟ್ಟಿಯಿಂದ ಅಂದೇ ತಂದ ಗರಿಗರಿ ಮಂಡಕ್ಕಿ ಒಂದು ಕೆಜಿ ತಂದರೆ ಮಕ್ಕಳಿಗೂ ಅವರನ್ನು ಕರೆದುಕೊಂಡು ಬಂದ ದೊಡ್ಡವರಿಗೂ ಧಾರಾಳ. ಹಗುರ ಸಾಮಾನು, ದೊಡ್ಡ ಚೀಲವನ್ನೇ ಒಯ್ಯಿರಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಅರಿಶಿನ, ಉಪ್ಪು. ಒಲೆ ಆರಿಸಿದ ಮೇಲೆ ಮಂಡಕ್ಕಿ ಸುರಿದು ಹುರಿಗಡಲೆ ಪುಡಿ ಉದುರಿಸಿ. ಮಕ್ಕಳ ಪಾಲನ್ನು ಮೊದಲು ತೆಗೆದಿಟ್ಟು, ದೊಡ್ಡವರ ಪಾಲಿಗೆ ಖಾರದ ಪುಡಿ, ಶೇಂಗಾ ಬೆರೆಸಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ ಕೊಡಲೇಬಾರದು, ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ. ಮಂಡಕ್ಕಿ ಕಲಸುವ ಕೆಲಸ ಮಗಳದು. ತಣ್ಣಗಾದ ಮೇಲೆ ದೊಡ್ಡ ಪರಾತದಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಕಲಸುತ್ತಾಳೆ, ಬಂದವರಿಗೆಲ್ಲ ‘ನಾನೇ ಮಾಡಿದ್ದು’ ಎಂದು ಕೊಡುತ್ತಾಳೆ. ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಜೊತೆಗಿದ್ದರೆ ಮುಗಿಯಿತು.

ಕೇಕ್ ಬೇಕೆಂದು ಮಗು ಆಸೆಪಟ್ಟರೆ ತನ್ನಿ. ಶಾಲೆಯಲ್ಲಿ ಎಲ್ಲರ ಹುಟ್ಟುಹಬ್ಬದ ಮಾತಿನಲ್ಲೂ ಕೇಕ್ ಇರುವಾಗ ನಮ್ಮ ಮಗುವಿಗೆ ಬೇಡ ಎನ್ನುವುದು ಸರಿಯಲ್ಲ. ಆದರೆ ಬಣ್ಣದ ಬಗ್ಗೆ ಎಚ್ಚರ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ ಕೇಕ್‌ಗಳಲ್ಲಿ 12 ಮಾದರಿಗಳಲ್ಲಿ ಕೃತಕ ಬಣ್ಣಗಳು ಸುರಕ್ಷಿತ ಮಿತಿ ಮೀರಿದ್ದವು. ಅದೇ ವರ್ಷ ಮಾರ್ಚ್‌ನಲ್ಲಿ ಬಣ್ಣದ ಕಾಟನ್ ಕ್ಯಾಂಡಿಯನ್ನು ಸರ್ಕಾರ ನಿಷೇಧಿಸಿತ್ತು. ಕಡುಗೆಂಪು, ಕಡುನೀಲಿ ಬೇಡ. ಬಿಳಿ ಅಥವಾ ಕೋಕೊ ಬಣ್ಣದ್ದು ಸಾಕು, ಹನ್ನೆರಡು ಮಕ್ಕಳಿಗೆ ಒಂದು ಕೆಜಿ ಉಳಿಯುವಷ್ಟಾಗುತ್ತದೆ.

ಮೇಣದಬತ್ತಿ ಊದುವುದು ನಮ್ಮ ಅತ್ತೆಗೆ ಮನಸ್ಸಿಗೆ ಬರುತ್ತಿರಲಿಲ್ಲ. ‘ಹುಟ್ಟಿದ ದಿನ ದೀಪ ಆರಿಸುತ್ತಾರೆಯೇ?’ ಎಂದು ನೊಂದುಕೊಳ್ಳುತ್ತಿದ್ದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಇಷ್ಟವಿರಲಿಲ್ಲ, ಮಗಳಿಗೆ ಊದುವ ಆಸೆ. ಈಗ ಮೊದಲು ಮಗಳು ಅಜ್ಜಿಯ ಕೈ ಹಿಡಿದು ಹಿತ್ತಾಳೆಯ ದೀಪ ಹಚ್ಚುತ್ತಾಳೆ. ಅದು ದೇವರ ಕೋಣೆಯ ಎತ್ತರದ ಗೂಡಿನಲ್ಲಿ ರಾತ್ರಿಯವರೆಗೆ ಉರಿಯುತ್ತದೆ. ಆಮೇಲೆ ಕೇಕ್ ಮೇಲಿನ ಒಂದೇ ಮೇಣದಬತ್ತಿ. ಇಬ್ಬರಿಗೂ ಸಮಾಧಾನ.

ಬೆಂಕಿ ಇರುವ ಕಡೆ ನೊರೆಯ ಸ್ಪ್ರೇ ಡಬ್ಬಿ ಬೇಡವೇ ಬೇಡ. ಅದರೊಳಗಿನ ಅನಿಲಕ್ಕೆ ಬೆಂಕಿ ಹತ್ತುತ್ತದೆ, ಮಗುವಿನ ಮುಖ ಕೂದಲು ಸುಡುತ್ತದೆ. ಗ್ಯಾಸ್ ಬಲೂನಿನಲ್ಲಿ ಹೈಡ್ರೋಜನ್ ತುಂಬಿದ್ದರೆ ಅದೂ ಅಷ್ಟೇ ಅಪಾಯ. ಬಾಯಿಂದ ಅಥವಾ ಪಂಪಿನಿಂದ ಊದಿದ ಹತ್ತು ಬಲೂನು ಸಾಕು. ಒಡೆದ ಚೂರುಗಳನ್ನು ಕೂಡಲೇ ಹೆಕ್ಕಬೇಕು, ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ನಮ್ಮ ಮನೆಯಲ್ಲಿ ಅಪ್ಪನ ಕೆಲಸ. ಥರ್ಮಾಕೋಲ್ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟ ಬಾವುಟದ ಜೊತೆ ಅದೇ ನಿಷೇಧದ ಪಟ್ಟಿಯಲ್ಲಿವೆ. ಬಾಗಿಲಿಗೆ ಮಾವಿನ ತೋರಣ, ಚೆಂಡುಹೂವು, ಮಕ್ಕಳೇ ಕತ್ತರಿಸಿದ ಕಾಗದದ ಸರಪಳಿ ಹಾಕಿ. ಮನೆಯ ಸ್ಟೀಲ್ ಲೋಟ ಸಾಲದಿದ್ದರೆ ಪಕ್ಕದ ಮನೆಯಿಂದ ತನ್ನಿ, ಪಕ್ಕದ ಮನೆಯವರೂ ಅದರ ಜೊತೆಗೇ ಬರುತ್ತಾರೆ.

ಆಟಕ್ಕೆ ಕೆರೆ-ದಡ. ಅಂಗಳದಲ್ಲಿ ಸುಣ್ಣದ ಗೆರೆಯೊಂದು ಎಳೆದರೆ ಮುಗಿಯಿತು. ಒಂದು ಬದಿ ಕೆರೆ, ಒಂದು ಬದಿ ದಡ, ಕೂಗಿದ ಕಡೆ ಜಿಗಿಯಬೇಕು. ತಪ್ಪಿದವರನ್ನು ಆಚೆ ಕೂರಿಸಬೇಡಿ. ತಪ್ಪಿದವರೇ ಮುಂದೆ ಬಂದು ಕೂಗುವವರಾಗಲಿ, ಆಗ ಯಾರೂ ಅಳುವುದಿಲ್ಲ. ಹೋಗುವಾಗ ಕೈಗೆ ಕೊಡಲು ಕುಂಬಳದ ಅಥವಾ ಚೆಂಡುಹೂವಿನ ಬೀಜದ ಪೊಟ್ಟಣ ಒಳ್ಳೆಯದು. ಒಮ್ಮೆ ಕೊಟ್ಟಿದ್ದೆವು. ಎರಡು ತಿಂಗಳ ಮೇಲೆ ಒಂದು ಮಗು ತನ್ನ ಮನೆಯ ಹೂವನ್ನು ಶಾಲೆಗೇ ತಂದು ಮಗಳಿಗೆ ಕೊಟ್ಟಿತು.

ಮುಂದಿನ ಭಾನುವಾರ

ಹುಟ್ಟುಹಬ್ಬದ ಗದ್ದಲ ಕಳೆದ ಮೇಲೆ ಮನೆಯವರಷ್ಟೇ ಒಂದು ಅರ್ಧ ದಿನ ಹೊರಗೆ ಹೋಗಿ. ಕುಂದವಾಡ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ, ಪಕ್ಕದ ಗಾಜಿನ ಮನೆ. ಪ್ರಾಣಿಗಳ ಹುಚ್ಚಿರುವ ಮಗುವಿಗೆ ಆನಗೋಡಿನ ಕಿರು ಮೃಗಾಲಯ. ಹರಿಹರಕ್ಕೆ ಹೋದರೆ ಹರಿಹರೇಶ್ವರ ದೇವಸ್ಥಾನ, ಅರ್ಧ ಶಿವ ಅರ್ಧ ವಿಷ್ಣು ಆಗಿರುವ ಒಂದೇ ಮೂರ್ತಿಯ ಮುಂದೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ. ತುಂಗಭದ್ರೆಯ ನೀರಿಗೆ ಮಾತ್ರ ಮಕ್ಕಳ ಕೈ ಬಿಟ್ಟು ಇಳಿಸಬೇಡಿ. ಎಲ್ಲಿಗೆ ಎಂದು ಆರಿಸುವ ಹಕ್ಕು ಹುಟ್ಟುಹಬ್ಬದ ಮಗುವಿನದು. ಕಳೆದ ವರ್ಷ ಮಗಳು ಆರಿಸಿದ್ದು ಅಪ್ಪನ ಅಂಗಡಿಯನ್ನು. ಭಾನುವಾರ ಬಾಗಿಲು ತೆಗೆಸಿ, ಅಪ್ಪ ಬಟ್ಟೆ ಅಳೆಯುವ ಮೀಟರ್ ಕೋಲಿನಿಂದ ನಮ್ಮನ್ನೆಲ್ಲ ಅಳೆದಳು.

ಫೋಟೋ ಮತ್ತು ಒಂದು ನೋಟ್‌ಬುಕ್

ಸಮವಸ್ತ್ರದಲ್ಲಿ, ಶಾಲೆಯ ಫಲಕದ ಮುಂದೆ, ಹುಟ್ಟಿದ ದಿನಾಂಕದ ಸಮೇತ ಮಗುವಿನ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮಗು ಯಾರು, ಎಲ್ಲಿರುತ್ತದೆ ಎನ್ನುವುದನ್ನು ಅಪರಿಚಿತರ ಕೈಗೆ ಕೊಟ್ಟಂತಾಗುತ್ತದೆ. ಬೇರೆ ಮಕ್ಕಳು ಇರುವ ಫೋಟೋಕ್ಕೆ ಅವರ ತಂದೆ ತಾಯಿಯನ್ನು ಕೇಳಿ. ಒಳ್ಳೆಯ ನಾಲ್ಕು ಫೋಟೋ ಆರಿಸಿ, ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ.

ಅವನ್ನು ಅಂಟಿಸಲು ದಪ್ಪ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟುಕೊಳ್ಳಿ. ಪ್ರತಿ ಹುಟ್ಟುಹಬ್ಬದ ರಾತ್ರಿ ಮಲಗುವ ಮುಂಚೆ ಮೂರೇ ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನು ತಿದ್ದದೆ ಬರೆಯಿರಿ: ಈ ವರ್ಷ ಏನು ಇಷ್ಟವಾಯಿತು, ಏನು ಬೇಜಾರಾಯಿತು, ಮುಂದಿನ ವರ್ಷ ಏನು ಮಾಡೋಣ. ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಲಿ. ಮಗಳ ಎಲ್‌ಕೆಜಿ ವರ್ಷದ ಪುಟದಲ್ಲಿ ಕುರ್ಚಿಗಳ ನಡುವೆ ಎದ್ದು ನಿಂತ ಒಬ್ಬ ಅಜ್ಜಿಯಿದ್ದಾಳೆ, ಅವಳ ಕೈ ಅವಳಿಗಿಂತ ಉದ್ದವಾಗಿದೆ. ಎರಡನೇ ಪ್ರಶ್ನೆಯ ಉತ್ತರವನ್ನು ಓದಿ ಸುಮ್ಮನಾಗಬೇಡಿ, ಜೂನ್‌ನಲ್ಲಿ ಕ್ಯಾಲೆಂಡರ್ ಹಿಡಿದು ಕೂರುವಾಗ ಆ ಪುಟ ತೆರೆದಿರಲಿ. ಒಮ್ಮೆ ಅದರಲ್ಲಿ ‘ತಮ್ಮನಿಗೆ ಯಾರೂ ಟೋಪಿ ಹಾಕಲಿಲ್ಲ’ ಎಂದಿತ್ತು. ಮುಂದಿನ ಹುಟ್ಟುಹಬ್ಬಕ್ಕೆ ಎರಡು ಕಾಗದದ ಟೋಪಿ ಮಾಡಿದೆವು.

ಮಗನ ಪುಟದಲ್ಲಿ ಸದ್ಯಕ್ಕೆ ಎರಡು ಅಂಗೈ ಅಚ್ಚುಗಳಿವೆ, ಅರಿಶಿನ ಕಲಸಿದ ನೀರಿನಲ್ಲಿ ಒತ್ತಿದ್ದು. ಮೇ ತಿಂಗಳಿಗೆ ಮೂರನೆಯದು.